ಮುಚ್ಚಿದ ಇಳಿಜಾರಿನ ಬೆಂಕಿ

ಮಾರ್ಚ್ ಹತ್ತು, ಮಂಗಳವಾರ, ಸಂಜೆ ಐದೂ ಇಪ್ಪತ್ತಕ್ಕೆ ಠಾಣೆಯ ಅಂಗಳಕ್ಕೆ ನಲವತ್ತು ಜನ ಬಂದು ನಿಂತರು. ಮೂವತ್ತೊಂಬತ್ತು ಜನರ ಮೈಮೇಲೆ ಬೂದಿಯಿತ್ತು. ನಲವತ್ತನೆಯವನ ಮೈಮೇಲೆ ಬೂದಿಯ ಜೊತೆಗೆ ಹಗ್ಗವೂ ಇತ್ತು.

ಹಗ್ಗದ ತುದಿ ಹಿಡಿದವರು ಕಾಡು ಕಾಯುವ ಸಂಘದ ಅಧ್ಯಕ್ಷರು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿಯ ಸದ್ದಿಗೆ ಒಗ್ಗಿಹೋಗಿ ಗುಟ್ಟನ್ನೂ ಕೂಗಿಯೇ ಹೇಳುವ ಮನುಷ್ಯ. ಅಂದು ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು.

"ಇವನೇ ಸಾರ್, ಜೇನು ಬಿಡಿಸೋನು. ಗುಡ್ಡಕ್ಕೆ ಬೆಂಕಿ ಇಟ್ಟು ಓಡಿ ಬರ್ತಿದ್ದ. ನಾವೇ ಹಿಡಿದ್ವಿ."

"ಮೊದಲು ಹಗ್ಗ ಬಿಚ್ಚಿ," ಎಂದರು ಇನ್ಸ್‌ಪೆಕ್ಟರ್. "ಆಮೇಲೆ ಮಾತು."

ದಫೇದಾರರು ದೂರು ಬರೆದುಕೊಂಡರು. ಮಧ್ಯಾಹ್ನ ಸುಮಾರು ಹನ್ನೆರಡೂ ಮುಕ್ಕಾಲಿಗೆ ಗುಡ್ಡದ ಮೇಲಿನ ಇಳಿಜಾರಿನಲ್ಲಿ ಬೆಂಕಿ ಕಾಣಿಸಿದೆ. ಎರಡೂವರೆ ವರ್ಷದ ಹಿಂದೆ ಅಲ್ಲಿ ನೆಟ್ಟಿದ್ದ ಮೂರು ಸಾವಿರದ ಇನ್ನೂರು ಗಿಡಗಳು ಸುಟ್ಟಿವೆ. ಅಲ್ಲಿಂದ ಬೆಂಕಿ ಹಳೆಯ ಕಾಡಿಗೆ ದಾಟಿ ಹನ್ನೊಂದು ಎಕರೆ ಹಾಳಾಗಿದೆ. ಗಿಡಗಳು ಹೋದ ಗುರುವಾರದವರೆಗೆ ಚೆನ್ನಾಗಿದ್ದವು ಎಂಬುದಕ್ಕೆ ಪೊಲೀಸರ ಬೀಟ್ ಪುಸ್ತಕವೇ ಸಾಕ್ಷಿ. ಅಧ್ಯಕ್ಷರು ಅದರ ನಕಲನ್ನು ದೂರಿಗೆ ಲಗತ್ತಿಸಿದರು. ಆರು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು, ಆರೂವರೆಗೆ ಜೇನಿನವನ ದಸ್ತಗಿರಿಯೂ ಆಯಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು.

ಆ ಊರಿನವರ ಸಿಟ್ಟು ಸುಳ್ಳಲ್ಲ. ಇಪ್ಪತ್ತೈದು ವರ್ಷದ ಹಿಂದೆ ಆ ಗುಡ್ಡ ಬೋಳುತಲೆ. ಊರಿನವರು ಸೇರಿ ಕಾಡು ಕಾದರು, ಕಟ್ಟಿಗೆ ಒಲೆ ಬಿಟ್ಟು ಗೋಬರ್ ಗ್ಯಾಸ್ ಒಲೆ ಹಾಕಿಕೊಂಡರು, ದನಗಳನ್ನು ಕಟ್ಟಿ ಮೇಯಿಸಿದರು. ಬತ್ತಿದ್ದ ಎರಡು ಒರತೆಗಳಲ್ಲಿ ಮತ್ತೆ ನೀರು ಬಂತು. ಸಂಘದ ಒಂದು ನಿಯಮ ಬಹಳ ಬಿಗಿ: ಹೊಸದಾಗಿ ನೆಟ್ಟ ಜಾಗಕ್ಕೆ ಐದು ವರ್ಷ ಯಾರೂ ಕಾಲಿಡಬಾರದು. ದನ ಬರಬಾರದು, ಮನುಷ್ಯರು ಬರಬಾರದು, ನೆಟ್ಟವರೂ ಬರಬಾರದು. ಅದಕ್ಕೆ ಮುಚ್ಚಿದ ಜಾಗ ಎನ್ನುತ್ತಾರೆ. ಹೋಗಬಹುದಾದವರು ಇಬ್ಬರೇ, ಸಸಿತೋಟ ನೋಡಿಕೊಳ್ಳುವ ಗಿಡದಕ್ಕ ಮತ್ತು ವಾರಕ್ಕೊಮ್ಮೆ ಬೀಟಿನ ಪೊಲೀಸ್.

ಇನ್ಸ್‌ಪೆಕ್ಟರ್ ಜೇನಿನವನನ್ನು ಮೇಜಿನ ಎದುರು ಕೂರಿಸಿದರು.

"ಮುಚ್ಚಿದ ಜಾಗ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಮತ್ಯಾಕೆ ಹೋದೆ?"

"ಮೇಲೆ ಬಂಡೇಲಿ ಜೇನುಹುಟ್ಟು ಕಟ್ಟಿತ್ತು ಸಾರ್."

"ಹೊಗೆ ಹಾಕಿದ್ಯಾ?"

"ಇಲ್ಲ. ನಾನು ಬಂಡೆ ಹತ್ತೋ ಹೊತ್ತಿಗೆ ಕೆಳಗಿಂದ ಬೆಂಕಿ ಬರ್ತಿತ್ತು. ಜನ ಕರೆಯೋಕೆ ಓಡಿದೆ. ಅವ್ರು ಎದುರಿಗೆ ಬಂದ್ರು, ಹಿಡ್ಕೊಂಡ್ರು."

"ಮೂರು ಸಾವಿರದ ಇನ್ನೂರು ಗಿಡ ಹೋಯ್ತಲ್ಲೋ."

ಜೇನಿನವನು ತಲೆಯೆತ್ತಿ ಇನ್ಸ್‌ಪೆಕ್ಟರರ ಮುಖವನ್ನೇ ಒಂದು ಗಳಿಗೆ ನೋಡಿದ. ಏನೋ ಹೇಳಲು ಹೋದವನು ನುಂಗಿಕೊಂಡ. "ಹೂಂ ಸಾರ್," ಎಂದ ಅಷ್ಟೆ.

ತಪ್ಪು ಮಾಡಿದವನ ಲಕ್ಷಣ ಇದು ಎಂದುಕೊಂಡರು ಇನ್ಸ್‌ಪೆಕ್ಟರ್. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಮುಖ ಎಷ್ಟು ನೋಡಿಲ್ಲ!

ಬುಧವಾರ ಬೆಳಿಗ್ಗೆ ಏಳಕ್ಕೆ ಅಂಚೆಯವನನ್ನೂ ಸೈಕಲ್ ರಿಪೇರಿಯವನನ್ನೂ ಪಂಚರನ್ನಾಗಿ ಕರೆದುಕೊಂಡು ಗುಡ್ಡ ಹತ್ತಿದರು. ದಫೇದಾರರಿಗೆ ಏದುಸಿರು. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು, "ಇಷ್ಟು ಎತ್ತರ ಅಂತ ಗೊತ್ತಿರ್ಲಿಲ್ಲ ಸಾರ್," ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ವಾರ ವಾರ ಈ ಗುಡ್ಡದ ಬೀಟು ಅವರದ್ದೇ. ಇನ್ಸ್‌ಪೆಕ್ಟರ್ ಕೇಳಿಸಿದರೂ ಕೇಳಿಸದ ಹಾಗೆ ಮುಂದೆ ನಡೆದರು.

ಇಳಿಜಾರು ಪೂರ್ತಿ ಕಪ್ಪಗಿತ್ತು. ಗುಂಡಿಗಳು ಸಾಲಾಗಿದ್ದವು, ಅಳತೆ ಹಿಡಿದು ತೋಡಿದ ಗುಂಡಿಗಳು. ಒಂದನೇ ನಂಬರಿನ ಗುಂಡಿ ಹಾದಿಯ ಪಕ್ಕದಲ್ಲೇ ಇತ್ತು. ಇನ್ಸ್‌ಪೆಕ್ಟರಿಗೆ ಆ ಗುಂಡಿ ಗೊತ್ತು. ನೆಡುವ ದಿನ ಅತಿಥಿಯಾಗಿ ಬಂದು ಅದರಲ್ಲಿ ಸಸಿ ಇಟ್ಟವರು ಅವರೇ. ಅವತ್ತಿನ ಫೋಟೋ ಮನೆಯ ಗೋಡೆಯ ಮೇಲಿದೆ, ಹೆಂಡತಿ ತಿಂಗಳಿಗೊಮ್ಮೆ ಅದರ ಧೂಳು ಒರೆಸುತ್ತಾರೆ. ಫೋಟೋದ ಧೂಳು ಇಷ್ಟು ಸಲ ಒರೆಸಿದ್ದರೂ ಗಿಡ ನೋಡಲು ಇನ್ಸ್‌ಪೆಕ್ಟರ್ ಒಮ್ಮೆಯೂ ಬಂದಿರಲಿಲ್ಲ. ಮಂಡಿಯೂರಿ ಬೂದಿ ಕೆದಕಿದರು. ಸುಟ್ಟ ಹುಲ್ಲಿನ ಬುಡ ಸಿಕ್ಕಿತು. ಗಿಡದ ಬುಡ ಸಿಗಲಿಲ್ಲ. ಎರಡನೇ ಗುಂಡಿ ಕೆದಕಿದರು, ಹತ್ತನೆಯದು ಕೆದಕಿದರು.

"ದಫೇದಾರ್ರೇ, ಎರಡೂವರೆ ವರ್ಷದ ಗಿಡ ಎಷ್ಟು ದಪ್ಪ ಇರುತ್ತೆ?"

"ಹೆಬ್ಬೆರಳಷ್ಟಾದ್ರೂ ಇರ್ಬೇಕು ಸಾರ್."

"ಹುಲ್ಲಿನ ಬೆಂಕಿಗೆ ಅದು ಬುಡಸಮೇತ ಮಾಯ ಆಗುತ್ತಾ?"

ಪ್ರತಿ ಗಿಡದ ಪಕ್ಕ ಒಂದು ಕಡ್ಡಿಗೆ ನಂಬರು ಒತ್ತಿದ ಲೋಹದ ಬಿಲ್ಲೆ ಕಟ್ಟುವುದು ಸಂಘದ ಪದ್ಧತಿ. ಬಿಲ್ಲೆ ಹುಲ್ಲಿನ ಬೆಂಕಿಗೆ ಕರಗುವುದಿಲ್ಲ. ಪಂಚರನ್ನೂ ಸೇರಿಸಿಕೊಂಡು ನಾಲ್ಕು ಜನ ಇನ್ನೂರು ಗುಂಡಿ ನೋಡಿದರು. ಪಂಚನಾಮೆಯಲ್ಲಿ ಹೀಗೆ ಬರೆಯಲಾಯಿತು: ಸುಟ್ಟ ಗಿಡ, ಇಲ್ಲ. ಬಿಲ್ಲೆ, ಇಲ್ಲ.

ಇಳಿಜಾರು ಮುಗಿದು ಹಳೆಯ ಕಾಡು ಶುರುವಾಗುವಲ್ಲಿ ಇನ್ನೊಂದು ವಿಚಿತ್ರ ಕಂಡಿತು. ನಾಲ್ಕು ಮಾರು ಅಗಲಕ್ಕೆ, ಉದ್ದಕ್ಕೂ, ತರಗೆಲೆ ಎಳೆದು ನೆಲ ಬೋಳು ಮಾಡಿದ್ದರು. ಬೆಂಕಿ ದಾಟದಿರಲಿ ಎಂದು ಮಾಡುವ ಬೆಂಕಿ ರೇಖೆ. ಮಣ್ಣಿನಲ್ಲಿ ತರಗೆಲೆ ಎಳೆಯುವ ಹಲುಬೆಯ ಗೀರುಗಳು ಇನ್ನೂ ಹಸಿಯಾಗಿದ್ದವು. ಅಧ್ಯಕ್ಷರಿಗೆ ಫೋನ್ ಮಾಡಿ ಕೇಳಿದರೆ, "ನಾವು ಜನವರೀಲಿ ಗುಡ್ಡದ ಸುತ್ತ ಮಾಡ್ತೀವಿ ಸಾರ್. ಅಲ್ಲಿ ಮಧ್ಯದಲ್ಲಿ ಮಾಡೋದೇ ಇಲ್ಲ," ಎಂದರು.

ಯಾರೋ ದಿನಗಟ್ಟಲೆ ಬಗ್ಗಿ ಈ ಕೆಲಸ ಮಾಡಿದ್ದಾರೆ. ಹಳೆಯ ಕಾಡಿಗೆ ಏನೂ ಆಗಬಾರದು ಎಂದು ಮೊದಲು ವ್ಯವಸ್ಥೆ ಮಾಡಿ, ಆಮೇಲೆ ಬೆಂಕಿ ಇಟ್ಟಿದ್ದಾರೆ. ಹೊಟ್ಟೆಕಿಚ್ಚಿಗೆ ಬೆಂಕಿ ಇಡುವವನು ಇಷ್ಟು ಕಾಳಜಿ ಮಾಡುವುದಿಲ್ಲ, ಜೇನು ಕದಿಯಲು ಬಂದವನಿಗೆ ಇಷ್ಟು ಪುರಸೊತ್ತೂ ಇರುವುದಿಲ್ಲ. ರೇಖೆಯ ಒಂದು ಕಡೆ ಒಣಗಿದ ಬಿದಿರಿನ ಮೆಳೆ ಬಾಗಿತ್ತು. ಬೆಂಕಿ ಅಲ್ಲಿಂದಲೇ ಹಾರಿತ್ತು. ಇನ್ಸ್‌ಪೆಕ್ಟರ್ ಗೀರುಗಳನ್ನು ಬೆರಳಿನಿಂದ ಎಣಿಸಿದರು. ಎಂಟು ಹಲ್ಲಿನ ಹಲುಬೆ. ಮೂರನೇ ಹಲ್ಲಿನ ಜಾಗದಲ್ಲಿ ಮಾತ್ರ ಎಲ್ಲೂ ಗೀರಿಲ್ಲ.

ಹತ್ತೂ ಕಾಲಿಗೆ ಡಿವೈಎಸ್‌ಪಿ ಸಾಹೇಬರ ಫೋನ್ ಬಂತು. ಇನ್ಸ್‌ಪೆಕ್ಟರ್ ಕಂಡದ್ದನ್ನು ಹೇಳಿದರು.

"ಗಿಡ ಇರ್ಲೇ ಇಲ್ಲ ಅಂತ ಬರೆದ್ರೆ ನಿಮ್ಮ ಬೀಟ್ ಪುಸ್ತಕ ಏನಾಗುತ್ತೆ ಗೊತ್ತಾ?"

"ಗೊತ್ತು ಸಾರ್."

"ಪ್ರತಿ ತಿಂಗಳು ಕೆಳಗೆ ಯಾರ ಸಹಿ?"

"ನಂದೇ ಸಾರ್."

"ನೋಡಪ್ಪಾ, ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಗಿಡ ಇತ್ತು, ಸುಟ್ಟುಹೋಯ್ತು. ಆ ಜೇನಿನವನು ಹೋಗಬಾರ್ದಿದ್ದ ಜಾಗಕ್ಕೆ ಹೋಗಿದ್ದ, ಅವನೇ ಒಪ್ಕೊಂಡಿದಾನೆ. ಇನ್ನೇನು ಬೇಕು? ನಿವೃತ್ತಿಗೆ ಎರಡು ವರ್ಷ ಇಟ್ಕೊಂಡು ಇದೆಲ್ಲ ಯಾಕೆ?"

ಫೋನ್ ಇಟ್ಟ ಮೇಲೆ ಇನ್ಸ್‌ಪೆಕ್ಟರ್ ಕಪ್ಪು ನೆಲದ ಮೇಲೆ ಸುಮ್ಮನೆ ನಿಂತರು. ಸಾಹೇಬರ ಮಾತು ಅವರಿಗೆ ಕೆಟ್ಟದ್ದಾಗಿ ಕೇಳಿಸಲಿಲ್ಲ, ಅದೇ ನಾಚಿಕೆಗೇಡು. ಎಷ್ಟು ಸುಲಭ! ಕಾಗದದಲ್ಲಿ ಎಲ್ಲವೂ ಸರಿಯಾಗಿದೆ. ಜೇನಿನವನ ಕಡೆಯಿಂದ ವಕೀಲರು ಬರುವ ಹಾಗಿಲ್ಲ. ಅವನಿಗೆ ಐದಾರು ವರ್ಷ ಶಿಕ್ಷೆಯಾದರೆ ಅವನ ಹೆಂಡತಿ ಬಿಟ್ಟು ಬೇರೆ ಯಾರೂ ಅಳುವುದಿಲ್ಲ. ಅವಳು ಬೆಳಗಿನಿಂದ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ, ಯಾರನ್ನೂ ಏನೂ ಕೇಳುತ್ತಿಲ್ಲ. ಎರಡು ನಿಮಿಷ ಅವರು ಸಾಹೇಬರು ಹೇಳಿದಂತೆಯೇ ಮಾಡಿಬಿಡೋಣ ಎಂದುಕೊಂಡರು. ಆಮೇಲೆ ಒಂದನೇ ಗುಂಡಿಯ ಕಡೆ ನೋಡಿದರು.

"ಬೀಟ್ ಪುಸ್ತಕ ಎಲ್ಲಿದೆ ದಫೇದಾರ್ರೇ? ಸಹಿಗೆ ತಂದ ಮೇಲೆ ವಾಪಸ್ ಇಲ್ಲೇ ಮೇಲೆ ಪೆಟ್ಟಿಗೇಲಿ ಇಡ್ಬೇಕಲ್ಲ?"

ದಫೇದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕೆಳಗೆ ಸಸಿತೋಟದಲ್ಲಿದೆ ಸಾರ್. ಮೇಲೇ ಇಡ್ಬೇಕಿತ್ತು. ಮೊದಲ ವಾರಾನೇ ಗಿಡದಕ್ಕ ಕೆಳಗೆ ತರಿಸಿದ್ರು. ಈ ವಯಸ್ಸಿಗೆ ಯಾಕೆ ಹತ್ತೀರಾ, ಕೂತ್ಕೊಳ್ಳಿ, ಟೀ ಕುಡೀರಿ, ನಾನು ನೋಡಿದ್ದೀನಿ, ಗಿಡ ಚೆನ್ನಾಗಿವೆ ಅಂದ್ರು. ನಾನು ಬರೆದೆ."

"ಎಷ್ಟು ಸಲ?"

"ನೂರ ಇಪ್ಪತ್ತೆಂಟು ಗುರುವಾರ ಸಾರ್."

"ಒಂದು ಸಲಾನೂ ಹತ್ತಲಿಲ್ವಾ?"

"ಇಲ್ಲ ಸಾರ್."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹೇಳಿದವರು ಒಬ್ಬರು, ಬರೆದುಕೊಂಡವರು ಒಬ್ಬರು, ಕಟ್ಟಿದವರು ಇನ್ನೊಬ್ಬರು. ಬೈಯಲು ಬಾಯಿ ತೆರೆದ ಇನ್ಸ್‌ಪೆಕ್ಟರಿಗೆ ತಾವು ಆ ಮೂರನೆಯವರು ಎಂಬುದು ನೆನಪಾಯಿತು. ಬಾಯಿ ಮುಚ್ಚಿದರು.

"ಪುಸ್ತಕ ಜಪ್ತಿ ಮಾಡ್ಬೇಕು. ನಡೀರಿ."

"ಅದರಲ್ಲಿ ನಿಮ್ಮ ಸಹಿನೂ ಇದೆ ಸಾರ್."

"ಅದಕ್ಕೇ ಹೇಳ್ತಿರೋದು."

ಹನ್ನೊಂದೂವರೆಗೆ ಸಸಿತೋಟಕ್ಕೆ ಬಂದರು. ತೆಂಗಿನ ನಾರಿನ ಕುಂಡಗಳಲ್ಲಿ, ಹಳೆಯ ಡಬ್ಬಗಳಲ್ಲಿ ಸಾವಿರಾರು ಸಸಿಗಳು. ಗಿಡದಕ್ಕ ಇರಲಿಲ್ಲ, ಸುಟ್ಟ ಕೈಗೆ ಮದ್ದು ಹಾಕಿಸಲು ಮನೆಗೆ ಹೋಗಿದ್ದರು. ಐವತ್ತೆಂಟು ವರ್ಷದ ಹೆಂಗಸು. ಆ ಕಾಡಿನ ಅರ್ಧ ಮರಗಳನ್ನು ಬೀಜದಿಂದ ಎಬ್ಬಿಸಿದವರು ಆಕೆ. ನಿನ್ನೆ ಬೆಂಕಿ ಬಡಿಯುತ್ತ ಕೈ ಸುಟ್ಟುಕೊಂಡು, ಠಾಣೆಯ ಅಂಗಳದಲ್ಲಿ ಎಲ್ಲರ ಹಿಂದೆ ನಿಂತಿದ್ದರು. ಕೈಗೆ ಬಟ್ಟೆ ಕಟ್ಟಿದವರು ದಫೇದಾರರೇ.

ಗುಡಿಸಲಿನ ಗೋಡೆಗೆ ಗುದ್ದಲಿ, ಪಿಕಾಸಿ, ಮೂರು ಹಲುಬೆಗಳು ಒರಗಿದ್ದವು. ಮಧ್ಯದ ಹಲುಬೆಗೆ ಎಂಟು ಹಲ್ಲು ಇರಬೇಕಿತ್ತು, ಏಳಿದ್ದವು. ಮುರಿದದ್ದು ಮೂರನೆಯದು. ದಫೇದಾರರು ಅದನ್ನು ನೋಡಿ, ಇನ್ಸ್‌ಪೆಕ್ಟರರನ್ನು ನೋಡಿ, ನೆಲ ನೋಡಿದರು. "ಬೇರೆ ಯಾರಾದ್ರೂ ತಗೊಂಡು ಹೋಗಿರ್ಬಹುದು ಸಾರ್," ಎಂದರು. ಹಾಗೇ ಆಗಿರಲಿ ಎಂದು ಇನ್ಸ್‌ಪೆಕ್ಟರಿಗೂ ಅನ್ನಿಸಿತು. ಹಲುಬೆಯನ್ನೂ ಬೀಟ್ ಪುಸ್ತಕವನ್ನೂ ಪಂಚರ ಎದುರು ಜಪ್ತಿ ಮಾಡಿಕೊಂಡು ಗಿಡದಕ್ಕನ ಮನೆಗೆ ಹೊರಟರು.

ಮನೆಯ ಹಿತ್ತಲಿನಲ್ಲಿ ಸೊಸೆ ಸೊಪ್ಪಿನ ಮಡಿಗೆ ನೀರು ಹಾಯಿಸುತ್ತಿದ್ದಳು. ಮಡಿಯ ಮೇಲೆ ಅಡ್ಡಡ್ಡ ದಾರ ಎಳೆದು, ಹಕ್ಕಿ ಓಡಿಸಲು ಏನೋ ತೂಗುಹಾಕಿದ್ದಳು. ಗಾಳಿಗೆ ಅವು ಕಿಣಿಕಿಣಿ ಎನ್ನುತ್ತ ಬಿಸಿಲಿಗೆ ಹೊಳೆಯುತ್ತಿದ್ದವು. ಇನ್ಸ್‌ಪೆಕ್ಟರ್ ಒಂದನ್ನು ಹಿಡಿದು ತಿರುಗಿಸಿದರು. ೨೧೪೭. ಪಕ್ಕದ್ದು ೨೧೫೦.

"ಇದೆಲ್ಲಿ ಸಿಕ್ತಮ್ಮಾ?"

"ಅಟ್ಟದ ಮೇಲೆ ಒಂದು ಮೂಟೆ ಇತ್ತು ಸಾರ್. ಸುಮ್ನೆ ಬಿದ್ದಿತ್ತು. ಹಕ್ಕಿಗಳು ಒಂದೆಲೆ ಬಿಡ್ತಿರ್ಲಿಲ್ಲ, ಅದಕ್ಕೆ ಮೊನ್ನೆ ಕಟ್ಟಿದೆ. ಯಾಕೆ, ಬೇಕಿತ್ತಾ?" ಒಳಗೆ ತಿರುಗಿ ಕೂಗಿದಳು. "ಅತ್ತೇ, ಅಟ್ಟದ ಮೇಲಿನ ಬಿಲ್ಲೆ ನಿಮಗೆ ಬೇಕಿತ್ತೇನು? ಪೊಲೀಸ್ನೋರು ಕೇಳ್ತಿದಾರೆ."

ಗಿಡದಕ್ಕ ಹಿತ್ತಲ ಬಾಗಿಲಿಗೆ ಬಂದರು. ದಾರದ ಮೇಲಿನ ಬಿಲ್ಲೆಗಳನ್ನು ನೋಡಿದರು. ಬಾಗಿಲ ಚೌಕಟ್ಟು ಹಿಡಿದು ಹೊಸಿಲ ಮೇಲೆ ಕೂತರು. ಇನ್ಸ್‌ಪೆಕ್ಟರ್ ಠಾಣೆಯಿಂದ ಮಹಿಳಾ ಕಾನ್‌ಸ್ಟೆಬಲ್ ಬರುವವರೆಗೆ ಕಾದರು, ಸೊಸೆಯನ್ನು ಆಚೆ ಕಳಿಸಿದರು. ಹೇಳಿಕೆ ಶುರುವಾದಾಗ ಹನ್ನೆರಡೂ ಐವತ್ತು.

"ಗಿಡ ಯಾವಾಗ ಸತ್ತವು ಅಕ್ಕಾ?"

"ನೆಟ್ಟ ನಾಲ್ಕೇ ತಿಂಗಳಿಗೆ."

"ಯಾಕೆ?"

"ತಡವಾಗಿ ನೆಟ್ವಿ. ಮೊದಲ ಮಳೆಗೇ ನೆಡಬೇಕಿತ್ತು. ದೊಡ್ಡೋರು ಬರ್ತಾರೆ, ಫೋಟೋ ತೆಗೀತಾರೆ ಅಂತ ಮೂರು ತಿಂಗಳು ಮುಂದಕ್ಕೆ ಹೋಯ್ತು. ಅಷ್ಟೊತ್ತಿಗೆ ಚೀಲದೊಳಗೆ ಬೇರು ಸುತ್ತಿಕೊಂಡಿದ್ವು. ಮಳೆನೂ ನಿಂತಿತ್ತು. ಬದುಕಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು."

"ಹೇಳಲಿಲ್ಲ."

"ಅಷ್ಟು ಜನ ಸೇರಿದ್ರು. ಎಲ್ಲರ ಮುಖ ನೋಡಿ ಬಾಯಿ ಬರ್ಲಿಲ್ಲ."

"ಬಿಲ್ಲೆ ಯಾಕೆ ತಂದ್ರಿ?"

"ಒಣಗಿದ ಕಡ್ಡಿ ಪಕ್ಕ ನಂಬರು ನೋಡೋಕಾಗ್ಲಿಲ್ಲ. ಮುಂದಿನ ಮಳೆಗೆ ಅದೇ ನಂಬರಿಗೆ ಬೇರೆ ಗಿಡ ಹಾಕೋಣ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಒಬ್ಬಳ ಕೈಲಿ ಆಗೋ ಕೆಲಸಾನಾ ಅದು? ಅಷ್ಟರಲ್ಲಿ ಸಂಘದೋರು ಎಷ್ಟು ಗಿಡ ಉಳಿದಿವೆ ಅಂತ ಲೆಕ್ಕ ಕೇಳಿದ್ರು. ಮೂರು ಸಾವಿರದ ಇನ್ನೂರೂ ಬದುಕಿವೆ ಅಂತ ಬರೆದುಕೊಟ್ಟೆ. ಆಮೇಲೆ ಬೇರೆ ಊರಿನೋರು ಕಲಿಯೋಕೆ ಬಂದ್ರು. ಹೇಗೆ ಬದುಕಿಸಿದ್ರಿ ಅಂತ ಕೇಳಿದ್ರು. ನಾನು ಹೇಳಿಕೊಟ್ಟೆ. ಹೇಳಿಕೊಟ್ಟೆ ಸಾರ್!"

"ಬರೋ ಸೋಮವಾರ ಗಿಡ ಎಣಿಸೋ ತಂಡ ಬರೋದಿತ್ತು ಅಂತ ಅಧ್ಯಕ್ಷರು ಹೇಳಿದ್ರು."

"ಹೂಂ. ಗುಡ್ಡ ಹತ್ತಿ ಎಣಿಸ್ತೀವಿ ಅಂದ್ರು."

"ಬೆಂಕಿ ನೀವೇ ಇಟ್ರಾ?"

"ನಾನೇ. ಹನ್ನೆರಡೂ ನಲವತ್ತಕ್ಕೆ. ರೇಖೆ ಕೆರೆಯೋಕೆ ಒಂಬತ್ತು ದಿನ ಆಯ್ತು. ಹುಲ್ಲು ಸುಟ್ಟು ಅಲ್ಲೇ ನಿಲ್ಲುತ್ತೆ ಅಂದ್ಕೊಂಡಿದ್ದೆ. ಗಾಳಿ ತಿರುಗ್ತು." ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಆ ಹಳೇ ಮರಗಳನ್ನ ಮಕ್ಕಳ ಹಾಗೆ ಸಾಕಿದ್ದೆ ಸಾರ್. ನಾನೇ ಸುಟ್ಟೆ."

"ಜೇನಿನವನಿಗೆ ಹಗ್ಗ ಹಾಕಿ ತಂದಾಗ ನೀವೂ ಇದ್ರಿ."

"ಇದ್ದೆ."

"ಯಾಕೆ ಸುಮ್ನಿದ್ರಿ?"

ಬರೆದುಕೊಳ್ಳುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಪೆನ್ನು ಎತ್ತಿ ಕಾದಳು.

"ಅವನು ಪಾಪ ಅಂತ ಅನ್ನಿಸ್ತು. ಅದರ ಹಿಂದೇನೇ ಇನ್ನೊಂದು ಯೋಚನೆ ಬಂತು. ಸದ್ಯ, ಗಿಡದ ವಿಷಯ ಮುಗೀತು ಅಂತ. ಅದು ಬಂತು ಸಾರ್ ನನ್ನ ಮನಸ್ಸಿಗೆ. ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ತಲೆ ತಗ್ಗಿಸಿದರು. ಬೆಳಿಗ್ಗೆ ಗುಡ್ಡದ ಮೇಲೆ ಎರಡು ನಿಮಿಷ ಅವರ ಮನಸ್ಸಿಗೂ ಬಂದದ್ದು ಅದೇ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವರದು. ಆಕೆ ಬಾಯಿಬಿಟ್ಟು ಹೇಳಿದರು, ಇನ್ಸ್‌ಪೆಕ್ಟರ್ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡೂ ನಲವತ್ತಕ್ಕೆ ದಸ್ತಗಿರಿ ಪಂಚನಾಮೆ ಮುಗಿಯಿತು. ಅಟ್ಟದಿಂದ ಇಳಿಸಿದ ಮೂಟೆಯಲ್ಲಿ, ಹಿತ್ತಲಿನ ದಾರದ್ದನ್ನೂ ಸೇರಿಸಿ, ಮೂರು ಸಾವಿರದ ನೂರ ಎಪ್ಪತ್ತೊಂದು ಬಿಲ್ಲೆಗಳು ಸಿಕ್ಕಿದವು. ಜೀಪು ಹತ್ತುವ ಮುಂಚೆ ಗಿಡದಕ್ಕ ಸೊಸೆಗೆ, "ಸಾಯಂಕಾಲ ಸಸಿಗೆ ನೀರು ಹಾಕಿಬಿಡು. ಜಾಸ್ತಿ ಬೇಡ," ಎಂದರು. ಸೊಸೆ ಏನೂ ಅರ್ಥವಾಗದೆ ತಲೆಯಾಡಿಸಿದಳು. ಬೀದಿಯಲ್ಲಿ ಅಧ್ಯಕ್ಷರು ಎದುರಾದರು. ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ಗುಟ್ಟನ್ನೂ ಕೂಗಿ ಹೇಳುವ ಆ ಮನುಷ್ಯ ಅಂದು ತುಟಿ ಎರಡು ಮಾಡಲಿಲ್ಲ. ಮೂರು ತಿಂಗಳು ಕಾಯಿಸಿ ಅತಿಥಿಗಳನ್ನು ಕರೆಸಿದವರು ಅವರೇ.

ನಾಲ್ಕೂವರೆಗೆ ಇಬ್ಬರನ್ನೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಜೇನಿನವನ ವಿರುದ್ಧ ಸಾಕ್ಷ್ಯವಿಲ್ಲ, ಬಿಡುಗಡೆ ಮಾಡಬಹುದು ಎಂದು ಇನ್ಸ್‌ಪೆಕ್ಟರ್ ವರದಿ ಕೊಟ್ಟರು. ಗಿಡದಕ್ಕನಿಗೆ ನ್ಯಾಯಾಂಗ ಬಂಧನವಾಯಿತು. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಜೇನಿನವನ ಹೆಂಡತಿ ಗಂಡನ ಮಣಿಕಟ್ಟಿನ ಹಗ್ಗದ ಗಾಯಕ್ಕೆ ಸೆರಗಿನ ತುದಿ ಒತ್ತುತ್ತಿದ್ದಳು. ಇನ್ಸ್‌ಪೆಕ್ಟರ್ ಅವನ ಎದುರು ಹೋಗಿ ನಿಂತರು. ನಿನ್ನೆಯ ಏಕವಚನ ಅವರ ನಾಲಿಗೆಗೆ ಬರಲಿಲ್ಲ.

"ನಿಮಗೆ ಗೊತ್ತಿತ್ತಲ್ವಾ, ಅಲ್ಲಿ ಗಿಡ ಇಲ್ಲ ಅಂತ?"

"ಗೊತ್ತಿತ್ತು ಸಾರ್. ಎರಡು ವರ್ಷದಿಂದ ನೋಡ್ತಿದ್ದೆ."

"ನಿನ್ನೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮುಚ್ಚಿದ ಜಾಗಕ್ಕೆ ವಾರ ವಾರ ಹೋಗ್ತಿದ್ದೆ ಅಂತ ಆಗ್ತಿತ್ತು. ಆಮೇಲೆ..." ಅವನು ಮಣಿಕಟ್ಟನ್ನು ಹೆಂಡತಿಯ ಕೈಯಿಂದ ಬಿಡಿಸಿಕೊಂಡ. "ನಿಮ್ಮ ಪುಸ್ತಕದಲ್ಲಿ ಇದೆ ಅಂತ ಬರೆದಿತ್ತಲ್ಲ ಸಾರ್. ನನ್ನ ಮಾತು ಯಾರು ನಂಬ್ತಿದ್ರು?"

"ತಪ್ಪಾಯ್ತು," ಎಂದರು ಇನ್ಸ್‌ಪೆಕ್ಟರ್. ಸಮವಸ್ತ್ರದಲ್ಲಿ ಆ ಮಾತನ್ನು ಹಿಂದೆ ಯಾವಾಗಲಾದರೂ ಹೇಳಿದ ನೆನಪು ಅವರಿಗಿರಲಿಲ್ಲ. ಹೆಂಡತಿ ಜೇನಿನವನ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಮೆಟ್ಟಿಲಿಳಿದು ಹೋದರು, ಹಿಂತಿರುಗಿ ನೋಡಲಿಲ್ಲ.

ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೊದಲು ಒಂದು ಪತ್ರ ಬರೆದರು. ಈ ಪ್ರಕರಣದಲ್ಲಿ ತಾನೂ ತನ್ನ ದಫೇದಾರರೂ ಸಾಕ್ಷಿಗಳಾಗಬೇಕಿರುವುದರಿಂದ ತನಿಖೆಯನ್ನು ಬೇರೆ ಅಧಿಕಾರಿಗೆ ವಹಿಸಬೇಕು, ಬೀಟ್ ಪುಸ್ತಕದ ಬಗ್ಗೆ ಇಲಾಖಾ ವಿಚಾರಣೆ ಆಗಬೇಕು. ದಫೇದಾರರು ಆಚೆ ನಿಂತು ನೋಡುತ್ತಿದ್ದರು. ಬಂದು ತಾವೇ ಪತ್ರಕ್ಕೆ ಠಾಣೆಯ ಮೊಹರು ಒತ್ತಿದರು.

ಆಮೇಲೆ ಕೇಸ್ ಡೈರಿ ತೆರೆದರು. ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ ಸಾಮಾನ್ಯವಾಗಿ ದ್ವೇಷ ಎಂದೋ ದುರಾಸೆ ಎಂದೋ ಬರೆದು ಮುಗಿಸುವುದು ರೂಢಿ. ಅವರು ಯೋಚಿಸಿ ಯೋಚಿಸಿ ಬರೆದರು: "ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಗಿಡಗಳು ಸತ್ತಿವೆ ಎಂದು ಹೇಳಲು ನಾಚಿಕೆಯಾಗಿ ಬದುಕಿವೆ ಎಂದಳು. ಆ ಮೇಲೆ ಪ್ರತಿ ವಾರವೂ ನಿಜ ಹೇಳುವುದು ಹಿಂದಿನ ವಾರಕ್ಕಿಂತ ಕಷ್ಟವಾಯಿತು. ಯಾರಾದರೂ ಒಮ್ಮೆ ಗುಡ್ಡ ಹತ್ತಿ ನೋಡಿದ್ದರೆ ಆಕೆಗೆ ಅವಮಾನವಾಗುತ್ತಿತ್ತು, ಕಾಡು ಉಳಿಯುತ್ತಿತ್ತು. ಹತ್ತಿ ನೋಡಬೇಕಿದ್ದವರು ಹತ್ತಲಿಲ್ಲ. ಅವರಲ್ಲಿ ಕೆಳಗೆ ಸಹಿ ಮಾಡಿದವನೂ ಒಬ್ಬ."

ಸಹಿ ಮಾಡುವ ಮುಂಚೆ ಬರೆದದ್ದನ್ನು ಮೊದಲಿನಿಂದ ಒಂದು ಸಲ ಓದಿದರು.